ಯಾವ ಕಾಲದ್ದೋ ಇದು? ವೇಲ್ಸ್‌ನ ಒಂದು ಕೆಂಪು ಮನೆಯ ಮುಂದೆ ಅಮ್ಮ ಕೇಳಿದ ಪ್ರಶ್ನೆ

(ಇಲ್ಲಿನ ಕನ್ನಡ ಗೆಳೆಯರ ಕೂಟದಲ್ಲಿ ಚಿತ್ರ ತೋರಿಸುತ್ತಾ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಇಲ್ಲಿ ಚಿತ್ರಗಳಿಲ್ಲ, ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಉಳಿದಂತೆ ಆಡಿದ ಮಾತೇ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸ ಓದಿದವನಲ್ಲ, ವಾಸ್ತುಶಿಲ್ಪಿಯೂ ಅಲ್ಲ. ಕಟ್ಟಡಕ್ಕೆ ಎಷ್ಟು ಕಲ್ಲು, ಎಷ್ಟು ಮರ, ಎಷ್ಟು ಗಾರೆ ಬೇಕು ಅಂತ ಲೆಕ್ಕ ಬರೆಯುವುದು ನನ್ನ ಕೆಲಸ. ಹೊಸ ಕಟ್ಟಡದ ಲೆಕ್ಕ ಬರೆದು ಬರೆದು ಬೇಜಾರಾದಾಗ ಹಳೇ ಮನೆ ನೋಡೋಕೆ ಹೋಗುತ್ತೇನೆ. ಅಷ್ಟೇ.

ಈ ಚಿತ್ರ ನೋಡಿ. ಹುಲ್ಲಿನ ಮಾಡು, ಸಣ್ಣ ಕಿಟಕಿಗಳು, ಗೋಡೆಗೆಲ್ಲ ಕಡು ಕೆಂಪು ಬಣ್ಣ. ವೇಲ್ಸ್‌ನ ರಾಜಧಾನಿ ಕಾರ್ಡಿಫ್ ಪಕ್ಕದ ಸೇಂಟ್ ಫ್ಯಾಗನ್ಸ್ ಅನ್ನೋ ಬಯಲು ವಸ್ತುಸಂಗ್ರಹಾಲಯದಲ್ಲಿ ಇರುವ ಕೆನಿಕ್ಸ್‌ಟನ್ ಮನೆ ಇದು. ಅಮ್ಮ ಊರಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ದೂರದಿಂದ ನೋಡಿದವಳೇ, "ಯಾವ ಕಾಲದ್ದೋ ಇದು?" ಅಂದಳು. ನಾನು ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿಯನ್ನು ಕೇಳಿದೆ. ಆತ ಹೇಳಿದ: ಮೊದಲು ಕಟ್ಟಿದ್ದು 1610ರ ಸುಮಾರಿಗೆ, ಆಮೇಲೆ 1680ರ ಸುಮಾರಿಗೆ ಬೆಳೆಸಿದರು, ಮತ್ತೆ 1750ರ ಸುಮಾರಿಗೆ ಇನ್ನಷ್ಟು ಸೇರಿಸಿದರು, ಆದರೆ ಒಳಗಿನ ಸಾಮಾನೆಲ್ಲ 1790ರಲ್ಲಿ ಹೇಗಿರುತ್ತಿತ್ತೋ ಹಾಗೆ ಇಟ್ಟಿದ್ದೇವೆ. ಕನ್ನಡದಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕೇಳಿದ್ರೆ ನಾಲ್ಕು ಹೇಳ್ತಾನಲ್ಲೋ" ಅಂದಳು.

ನಾಲ್ಕಲ್ಲ, ಐದು. ಯಾಕೆಂದರೆ ಆ ಮನೆ ಇರುವ ಜಾಗವೇ ಅದರದ್ದಲ್ಲ. ಅದು ಹುಟ್ಟಿದ್ದು ಸ್ವಾನ್ಸೀ ನಗರದ ಪಶ್ಚಿಮಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಗೋವರ್ ಅನ್ನೋ ನೆಲದ ತುದಿಯಲ್ಲಿ, ಲ್ಲಾನ್‌ಗೆನಿತ್ ಊರಿನಲ್ಲಿ. 1951ರಲ್ಲಿ ಅದನ್ನು ಬಿಚ್ಚಿ, ಇಲ್ಲಿಗೆ ತಂದು, ಮತ್ತೆ ಕಟ್ಟಿ, 1955ರಲ್ಲಿ ಜನಕ್ಕೆ ತೆರೆದರು. ಅಂದರೆ ಕಲ್ಲು 17ನೇ ಶತಮಾನದ್ದು, ಗಾರೆ 20ನೇ ಶತಮಾನದ್ದು. ಲೆಕ್ಕ ಬರೆಯುವವನಿಗೆ ಇದು ತಲೆಕೆಡಿಸುವ ವಿಷಯ, ನೋಡಿ.

ಅಂದಹಾಗೆ ಲ್ಲಾನ್‌ಗೆನಿತ್ ಅಂತ ಬರೆದಿದ್ದೇನೆ, ಆದರೆ ಆ ಮೊದಲ ಅಕ್ಷರ ಹೀಗಲ್ಲ. ನಾಲಿಗೆಯನ್ನು 'ಲ' ಹೇಳುವ ಜಾಗದಲ್ಲೇ ಇಟ್ಟು, ದನಿ ಇಲ್ಲದೆ ಬದಿಯಿಂದ ಗಾಳಿ ಊದಬೇಕು. ಲ, ಳ ಎರಡನ್ನೂ ಸಲೀಸಾಗಿ ಹೇಳುವ ನಾವು ಇದರ ಮುಂದೆ ಸೋಲುತ್ತೇವೆ. ವೇಲ್ಸ್ ಹೆಸರುಗಳನ್ನೆಲ್ಲ ನಾನು ಕಿವಿಗೆ ಬಿದ್ದ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮನೆ ಬಿಚ್ಚಿ ತಂದು ಕಟ್ಟುವ ಈ ಹುಚ್ಚು ಹೆಸರಾಗಿದ್ದು ಸ್ವೀಡನ್‌ನಿಂದ. 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಅನ್ನೋ ಬಯಲು ವಸ್ತುಸಂಗ್ರಹಾಲಯ ತೆರೆಯಿತು. ಅದೇ ಮಾದರಿಯಲ್ಲಿ ಇಯೊರ್ವೆರ್ತ್ ಪೀಟ್ ಅನ್ನುವವರು ಸೇಂಟ್ ಫ್ಯಾಗನ್ಸ್ ಕಟ್ಟಿದರು. 1948ರ ಜುಲೈ 1ಕ್ಕೆ ಶುರು. ಈಗ 40ಕ್ಕೂ ಹೆಚ್ಚು ಕಟ್ಟಡಗಳಿವೆ, ಒಳಗೆ ಹೋಗಲು ಟಿಕೆಟ್ ಇಲ್ಲ. ನಮ್ಮ ಕಡೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದಾರಲ್ಲ, ಅದನ್ನು ನೋಡಿದವರಿಗೆ ಈ ಕೆಲಸದ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕಲ್ಲು ಕಲ್ಲಿಗೂ, ತೊಲೆ ತೊಲೆಗೂ ನಂಬರ್ ಬರೆದು, ಫೋಟೋ ತೆಗೆದು, ನಕ್ಷೆ ಬರೆದು, ಆಮೇಲೆ ಕಳಚೋದು.

ಸರಿ, ಮನೆಗೆ ಬರೋಣ. ಮನೆ ಹೇಗೆ ಬದಲಾಯಿತು ಅಂತ ಹೇಳಬೇಕಾದರೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕು. ಅದಕ್ಕೆ ಕೆಂಪು ಮನೆಯನ್ನು ಸ್ವಲ್ಪ ಹೊತ್ತು ಬಿಟ್ಟು ಇದೇ ಜಾಗದ ಇನ್ನೊಂದು ಮನೆಗೆ ಹೋಗುತ್ತೇನೆ. ಹೆಸರು ಹೆಂದ್ರೆರ್ ಅವಿಧ್. ಉತ್ತರ ವೇಲ್ಸ್‌ನ ಡೆನ್‌ಬಿಷೈರ್‌ನಿಂದ ತಂದದ್ದು. 'ಹೆಂದ್ರೆ' ಅಂದರೆ ಹಳೇ ನೆಲೆ, ಚಳಿಗಾಲ ಕಳೆಯುವ ತಗ್ಗಿನ ಮನೆ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಬೆಟ್ಟದ ಮೇಲಿನ 'ಹಾವೊದ್'ಗೆ ಹೋಗುತ್ತಿದ್ದರು. ಊರು ಊರಲ್ಲೂ ಈ ಎರಡು ಪದ ಸೇರಿದ ಹೆಸರುಗಳು ಸಿಗುತ್ತವೆ.

ಈ ಮನೆ ಮಾತ್ರ ಯಾವ ವರ್ಷದ್ದು ಅಂತ ಗಟ್ಟಿಯಾಗಿ ಹೇಳಬಹುದು: 1508. ಹೇಗೆ ಗೊತ್ತಾಯಿತು? ಓಕ್ ಮರ ವರ್ಷಕ್ಕೊಂದು ಬಳೆ ಬೆಳೆಸುತ್ತದೆ. ಒಳ್ಳೆ ಮಳೆಯಾದ ವರ್ಷ ಅಗಲ ಬಳೆ, ಕೆಟ್ಟ ವರ್ಷ ತೆಳು ಬಳೆ. ತೊಲೆಯಲ್ಲಿ ಪೆನ್ಸಿಲ್ ದಪ್ಪದ ತೂತು ಕೊರೆದು, ಕಡ್ಡಿಯಂಥ ಚೂರು ಹೊರತೆಗೆದು, ಅಗಲ ತೆಳುಗಳ ಸಾಲನ್ನು ವರ್ಷ ಗೊತ್ತಿರುವ ಮರಗಳ ಸಾಲಿನ ಜೊತೆ ಹೊಂದಿಸಿ ನೋಡುತ್ತಾರೆ. ತೊಗಟೆಯ ಅಂಚು ಉಳಿದಿದ್ದರೆ ಕಡಿದ ವರ್ಷವೇ ಸಿಕ್ಕಿಬಿಡುತ್ತದೆ. ಆಗಿನ ಬಡಗಿಗಳು ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು, ಒಣಗಿದರೆ ಕಬ್ಬಿಣದಂತಾಗುತ್ತದೆ, ಉಳಿ ಇಳಿಯುವುದಿಲ್ಲ. ಹಾಗಾಗಿ ಮರ ಕಡಿದ ವರ್ಷ ಅಂದರೆ ಹೆಚ್ಚು ಕಡಿಮೆ ಮನೆ ಎದ್ದ ವರ್ಷ.

ಒಳಗೆ ಹೋದರೆ ಕತ್ತಲು. ಕಿಟಕಿಗೆ ಗಾಜಿಲ್ಲ. ಅಟ್ಟವಿಲ್ಲ, ತಲೆ ಎತ್ತಿದರೆ ಸೀದಾ ಮಾಡಿನ ಒಳಮೈ ಕಾಣುತ್ತದೆ. ಹೊಗೆಗೂಡೂ ಇಲ್ಲ. ನೆಲದ ಮೇಲೆ ಬೆಂಕಿ, ಹೊಗೆ ಎಲ್ಲಿ ಬಿರುಕು ಸಿಕ್ಕಿತೋ ಅಲ್ಲಿಂದ ಹೊರಗೆ.

ಮಾಡನ್ನು ಹೊತ್ತು ನಿಂತಿರುವುದು ಗೋಡೆಯಲ್ಲ ಅನ್ನೋದನ್ನು ಇಲ್ಲಿ ಗಮನಿಸಬೇಕು. ಡೊಂಕಾಗಿ ಬೆಳೆದ ಓಕ್ ಮರವನ್ನು ಹುಡುಕಿ, ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಒಂದೇ ಮರದ ಹೋಳುಗಳಾದ್ದರಿಂದ ಎರಡರ ಡೊಂಕೂ ಒಂದೇ, ಕನ್ನಡಿ ಹಿಡಿದ ಹಾಗೆ. ಬುಡ ನೆಲದಲ್ಲಿ, ತುದಿ ಎರಡೂ ಮೇಲೆ ಹೋಗಿ ಸೇರುತ್ತವೆ, ನಡುವೆ ಒಂದು ಅಡ್ಡ ಪಟ್ಟಿ, ಮರದ ಗೂಟ ಹೊಡೆದು ಬಿಗಿ. ವೇಲ್ಸ್ ಭಾಷೆಯಲ್ಲಿ ಇದಕ್ಕೆ ನೆನ್‌ಫೋರ್ಖ್ ಅಂತಾರೆ, ಮಾಡಿನ ಕವಲು ಅಂತ ಅರ್ಥ. ಇಂಥ ಕವಲುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಮನೆಯ ಅಸ್ಥಿಪಂಜರ ಸಿದ್ಧ. ಗೋಡೆ ಅನ್ನೋದು ಗಾಳಿ ತಡೆಯಲು ಕಟ್ಟಿದ ತಟ್ಟಿ ಅಷ್ಟೇ. ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಟ್ಟಿಗೋಡೆ, ನಮ್ಮಲ್ಲೂ ಇತ್ತಲ್ಲ, ಅದೇ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಗೋಡೆಯ ಮೇಲೆ ಭಾರವಿಲ್ಲದಿದ್ದರೆ ಗೋಡೆಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಮಾಡು ಬೀಳೋದಿಲ್ಲ. ಮುಂದಿನ ಮುನ್ನೂರು ವರ್ಷ ವೇಲ್ಸ್‌ನ ರೈತರು ಮಾಡಿದ್ದು ಅದನ್ನೇ. ಹೊರಗಿನಿಂದ ನೋಡಿದರೆ 18ನೇ ಶತಮಾನದ ಗಟ್ಟಿ ಕಲ್ಲಿನ ಮನೆ, ಒಳಗೆ ಹೋಗಿ ಅಟ್ಟಕ್ಕೆ ಟಾರ್ಚ್ ಬಿಟ್ಟರೆ 15ನೇ ಶತಮಾನದ ಮರ. ಬಟ್ಟೆ ಹೊಸದು, ಮೂಳೆ ಹಳೇದು.

ಸೇಂಟ್ ಫ್ಯಾಗನ್ಸ್‌ನಲ್ಲೇ ಇರುವ ಕಿಲೆವೆಂಟ್ ಮನೆಯ ಕತೆಯೂ ಇಂಥದ್ದೇ. ಮಧ್ಯ ವೇಲ್ಸ್‌ನ ಕ್ಲೈರ್ವೆನ್ ಕಣಿವೆಯದು. ಮೊದಲು ಕಟ್ಟಿದ್ದು 1470ರ ಸುಮಾರಿಗೆ, ಮರದ ಮನೆಯಾಗಿ. 1734ರಲ್ಲಿ ಅದನ್ನು ಕಲ್ಲಿನ ಮನೆ ಮಾಡಿದರು. ಉದ್ದನೆಯ ಒಂದೇ ಮಾಡು. ಒಂದು ಕಡೆ ಜನ, ಇನ್ನೊಂದು ಕಡೆ ದನ, ಇಬ್ಬರಿಗೂ ಒಂದೇ ಬಾಗಿಲು. ಇಂಥ ಮನೆಗೆ 'ಟೀ ಹೀರ್' ಅಂತಾರೆ, ಟೀ ಅಂದರೆ ಮನೆ, ಹೀರ್ ಅಂದರೆ ಉದ್ದ. ಗಮನಿಸಿ, 260 ವರ್ಷ ಆದಮೇಲೆ, ಕೈಯಲ್ಲಿ ನಾಲ್ಕು ಕಾಸು ಓಡಾಡಿ, ಗೋಡೆಯನ್ನೆಲ್ಲ ಕಲ್ಲಿನಲ್ಲಿ ಕಟ್ಟಿಸುವಾಗಲೂ, ದನಕ್ಕೆ ಬೇರೆ ಬಾಗಿಲು ಇಡಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ಮನೆಯ ಸಾಮಾನು ಬದಲಾಗುತ್ತದೆ, ಅಭ್ಯಾಸ ಬದಲಾಗಲ್ಲ. ನನಗಂತೂ ಗೋಡೆಗಿಂತ ಆ ಬಾಗಿಲೇ ಹಳೇದು ಅನ್ನಿಸುತ್ತದೆ.

ಈಗ ದೊಡ್ಡ ಬದಲಾವಣೆಗೆ ಬರುತ್ತೇನೆ. ಹೊಗೆಗೂಡು.

16 ಮತ್ತು 17ನೇ ಶತಮಾನದಲ್ಲಿ ವೇಲ್ಸ್‌ನ ಅನುಕೂಲಸ್ಥ ರೈತರ ಮನೆಗಳಿಗೆಲ್ಲ ಹೊಗೆಗೂಡು ಬಂತು. ಕೇಳೋಕೆ ಸಣ್ಣ ವಿಷಯ. ಆದರೆ ಒಂದು ಸಲ ಬೆಂಕಿಯನ್ನು ನೆಲದ ನಡುವಿನಿಂದ ಎತ್ತಿ ಗೋಡೆಗೆ ತಂದು, ಹೊಗೆಯನ್ನು ಕಲ್ಲಿನ ಗೂಡಿನೊಳಗೆ ಕಟ್ಟಿ ಹಾಕಿದಿರಿ ಅನ್ನಿ, ತಲೆಯ ಮೇಲಿನ ಅಷ್ಟೂ ಜಾಗ ಒಂದೇ ಸಲಕ್ಕೆ ಖಾಲಿಯಾಗುತ್ತದೆ. ಅಲ್ಲಿವರೆಗೂ ಅದು ಹೊಗೆಯ ಜಾಗ, ಮನುಷ್ಯ ಇರೋಕಾಗಲ್ಲ. ಈಗ ಅಡ್ಡಕ್ಕೆ ತೊಲೆ ಹಾಕಿ, ಜಂತಿ ಜೋಡಿಸಿ, ಹಲಗೆ ಹೊಡೆದರೆ ಮೇಲೊಂದು ಮಹಡಿ. ಮಹಡಿ ಬಂದರೆ ಮೆಟ್ಟಿಲು ಬೇಕು, ಅದನ್ನು ಎಷ್ಟೋ ಮನೆಗಳಲ್ಲಿ ಒಲೆಯ ಪಕ್ಕದ ಗೋಡೆಯ ದಪ್ಪದಲ್ಲೇ ಸುರುಳಿ ಸುತ್ತಿ ಹತ್ತಿಸಿಬಿಟ್ಟರು. ಮೇಲೆ ಮಲಗುವವರಿಗೆ ಬೆಳಕು ಬೇಕು, ಸೂರಿನ ಕೆಳಗೆ ಪುಟ್ಟ ಕಿಟಕಿ ಬಂತು. ತಲೆ ತಾಗುತ್ತದೆ ಅಂತ ಮುಂದಿನ ತಲೆಮಾರು ಗೋಡೆ ಎತ್ತರಿಸಿತು. ಒಂದು ಹೊಗೆಗೂಡು ಇಷ್ಟೆಲ್ಲ ಮಾಡಿತು. ಮನೆಯವರೆಲ್ಲ ಒಂದೇ ಬೆಂಕಿಯ ಸುತ್ತ ಮಲಗುತ್ತಿದ್ದದ್ದು ಹೋಗಿ ಗಂಡ ಹೆಂಡತಿ ಮೇಲೆ, ಕೆಲಸದವರು ಇನ್ನೆಲ್ಲೋ ಅಂತ ಬೇರೆಯಾದದ್ದೂ ಇದರಿಂದಲೇ.

ಆದರೂ ಒಲೆಯ ಮೇಲಿನ ಪ್ರೀತಿ ಹೋಗಲಿಲ್ಲ. ವೇಲ್ಸ್‌ನಲ್ಲಿ ಒಲೆಯ ಜಾಗಕ್ಕೆ 'ಐಲ್ವಿದ್' ಅಂತಾರೆ, ಅದೇ ಪದ ಮನೆ, ಸಂಸಾರ ಅನ್ನೋದಕ್ಕೂ ಆಗುತ್ತದೆ. ನಾವು ಎಷ್ಟು ಒಲೆ ಉರಿಯುತ್ತೆ ಅಂತ ಕೇಳಿ ಎಷ್ಟು ಸಂಸಾರ ಅಂತ ತಿಳಿದುಕೊಳ್ಳುತ್ತಿದ್ದೆವಲ್ಲ, ಹಾಗೆ. ಸರ್ಕಾರಕ್ಕೂ ಇದು ಚೆನ್ನಾಗಿ ಗೊತ್ತಿತ್ತು. 1662ರಲ್ಲಿ ಒಲೆಗೆ ತೆರಿಗೆ ಹಾಕಿದರು, ಒಂದು ಒಲೆಗೆ ವರ್ಷಕ್ಕೆ ಎರಡು ಷಿಲಿಂಗ್. 1689ರವರೆಗೂ ನಡೆಯಿತು. ಆ ತೆರಿಗೆಯ ಪಟ್ಟಿಗಳು ಈಗ ಹಳೇ ಮನೆ ಹುಡುಕುವವರಿಗೆ ಚಿನ್ನದಂಥವು.

ಇದೆಲ್ಲ ಗೊತ್ತಾಗೋದು ಹೇಗೆ ಅಂತ ಒಂದು ಉದಾಹರಣೆ ಹೇಳ್ತೀನಿ. ಒಮ್ಮೆ ಪರಿಚಯದವರೊಬ್ಬರ ಹಳೇ ರೈತರ ಮನೆಗೆ ಹೋಗಿದ್ದೆ. ಮಾಡಿನ ರಿಪೇರಿಗೆ ಎಷ್ಟು ಮರ ಬೇಕು ಅಂತ ಲೆಕ್ಕ ಹಾಕಿ ಕೊಡಬೇಕಿತ್ತು. ಮಲಗುವ ಕೋಣೆಯ ಸೀಲಿಂಗ್‌ನಲ್ಲಿ ಒಂದು ಚೌಕದ ಕಿಂಡಿ. ಏಣಿ ಹಾಕಿ ತಲೆ ತೂರಿಸಿದೆ. ಧೂಳು, ಒಣಗಿದ ಹಕ್ಕಿಗೂಡು, ಯಾರೋ ಬಿಟ್ಟುಹೋದ ಪೇಪರ್ ಕಟ್ಟು. ಟಾರ್ಚ್ ಬಿಟ್ಟೆ. ಕೈಗೆಟುಕುವ ಮರ ಕಪ್ಪಗಿತ್ತು. ವಯಸ್ಸಾದ ಓಕ್ ಕಂದು ಬೂದು ಬಣ್ಣ, ಇದು ಕಾಡಿಗೆ ಕಪ್ಪು. ಬೆರಳಿನಿಂದ ತಿಕ್ಕಿದೆ. ಬೆರಳು ಕಪ್ಪಾಯಿತು. ಮೂಗಿನ ಹತ್ತಿರ ಹಿಡಿದರೆ ಮಲೆನಾಡಿನ ನಮ್ಮಜ್ಜಿ ಮನೆಯ ಅಡುಗೆಮನೆ ಅಟ್ಟದ ವಾಸನೆ. ಅಂದರೆ ಈ ಸೀಲಿಂಗ್ ಇಲ್ಲದ ಕಾಲದಲ್ಲಿ, ಈ ಕೋಣೆಯೇ ಇಲ್ಲದ ಕಾಲದಲ್ಲಿ, ಕೆಳಗೆ ನೆಲದ ಮೇಲೆ ಬೆಂಕಿ ಉರಿದಿತ್ತು, ಅದರ ಮಸಿ ಇದು. ಸ್ವಲ್ಪ ಆಚೆಗೆ ಟಾರ್ಚ್ ತಿರುಗಿಸಿದರೆ ಮರ ಬರೀ ಕಂದು. ಅಲ್ಲಿಗೆ ಹೊಗೆ ಹೋಗಿರಲಿಲ್ಲ. ನಡುವೆ ಒಂದು ತೊಲೆಯಲ್ಲಿ ಸಾಲಾಗಿ ಖಾಲಿ ತೂತುಗಳು, ಹಿಂದೆ ಅಲ್ಲೊಂದು ತಟ್ಟಿಗೋಡೆ ನಿಂತಿತ್ತು. ಕೆಳಗಿಳಿದು ಬಂದು ಮನೆಯವರಿಗೆ ಹೇಳಿದರೆ, ಅವರು ಸೀಲಿಂಗ್ ಸೋರುತ್ತಾ ಇಲ್ವಾ ಅಷ್ಟು ಹೇಳಿ ಅಂದರು. ಸೋರುತ್ತಿತ್ತು.

ಮನೆಯನ್ನು ಓದೋಕೆ ಇಂಥ ನಾಲ್ಕೈದು ಗುರುತು ಗೊತ್ತಿದ್ದರೆ ಸಾಕು. ಒಳಗೋಡೆ ಹೊರಗೋಡೆಯಷ್ಟೇ ದಪ್ಪ ಇದೆಯಾ? ಹಾಗಾದರೆ ಅದು ಒಂದು ಕಾಲಕ್ಕೆ ಹೊರಗೋಡೆಯೇ, ಆಚೆಗಿನ ಕೋಣೆ ಆಮೇಲೆ ಬಂದದ್ದು. ಹೊರಗಿನ ಕಲ್ಲುಗೋಡೆಯಲ್ಲಿ ನೆಲದಿಂದ ಸೂರಿನವರೆಗೂ ನೆಟ್ಟಗೆ ಒಂದು ಗೆರೆ ಕಾಣುತ್ತಾ? ಅಲ್ಲಿ ಕಲ್ಲಿಗೆ ಕಲ್ಲು ಹೆಣೆದುಕೊಂಡಿಲ್ಲ, ಹಳೇ ಮೂಲೆಗೆ ಹೊಸ ಗೋಡೆ ತಂದು ಆನಿಸಿದ್ದಾರೆ. ಗೋಡೆಯ ನಡುವೆ ಬಾಗಿಲಿನ ಅಳತೆಯ ಕಲ್ಲಿನ ತೇಪೆ ಇದ್ದರೆ ಅಲ್ಲಿ ಯಾರೋ ಓಡಾಡುತ್ತಿದ್ದರು. ಇದನ್ನೆಲ್ಲ ಮೊದಲು ಶ್ರದ್ಧೆಯಿಂದ ಬರೆದಿಟ್ಟವರಲ್ಲಿ ಸಿರಿಲ್ ಫಾಕ್ಸ್ ಮತ್ತು ಲಾರ್ಡ್ ರಾಗ್ಲನ್ ಅನ್ನೋ ಇಬ್ಬರು ಮುಖ್ಯರು. ಒಬ್ಬರು ಪುರಾತತ್ವದವರು, ಇನ್ನೊಬ್ಬರು ಊರಿನ ದೊಡ್ಡಮನೆಯವರು. ಮಾನ್ಮತ್‌ಷೈರ್‌ನ ರೈತರ ಮನೆ ಮನೆಗೆ ಹೋಗಿ ಅಳತೆ ತೆಗೆದು, ಯಾವುದು ಯಾವಾಗಿನದು ಅಂತ ಬಿಡಿಸಿ, 1950ರ ದಶಕದ ಶುರುವಿನಲ್ಲಿ ಪ್ರಕಟಿಸಿದರು. ಅಲ್ಲಿವರೆಗೂ ಅರಮನೆ, ಕೋಟೆ, ಚರ್ಚು ಬಿಟ್ಟರೆ ರೈತನ ಮನೆಗೂ ಚರಿತ್ರೆ ಇದೆ ಅಂತ ಹೆಚ್ಚು ಜನ ತಲೆಕೆಡಿಸಿಕೊಂಡಿರಲಿಲ್ಲ.

ಈಗ ಕೆಂಪು ಮನೆಗೆ ವಾಪಸ್.

ಕೆನಿಕ್ಸ್‌ಟನ್ ಕಟ್ಟಿದವರು ಬಡವರಲ್ಲ. ಗೋವರ್‌ನ ಅನುಕೂಲಸ್ಥ ರೈತರು. ಹೆಸರಿನ ಕೊನೆಗೆ 'ಟನ್' ಇದೆ ನೋಡಿ, ಅದು ಇಂಗ್ಲಿಷ್ ಊರಿನ ಹೆಸರಿನ ಬಾಲ. ಫ್ರಾನ್ಸ್ ಕಡೆಯಿಂದ ಬಂದು ಗೆದ್ದ ನಾರ್ಮನ್ನರ ಕಾಲದಿಂದಲೂ ಗೋವರ್‌ನ ದಕ್ಷಿಣ ಭಾಗದಲ್ಲಿ ಇಂಗ್ಲಿಷ್ ಆಡುವ ಜನ ನೆಲೆಸಿದ್ದರು. ಹತ್ತಿರದ ಊರು ಸಂತನ ಹೆಸರು ಹೊತ್ತ ವೇಲ್ಸ್ ಹೆಸರಿನದು, ಮನೆ ಇಂಗ್ಲಿಷ್ ಹೆಸರಿನದು.

1610ರ ಭಾಗ ಚಿಕ್ಕದು. ಆಮೇಲೆ ಎರಡು ಸಲ ಬೆಳೆಯಿತು. ನನಗೆ ಇಷ್ಟವಾಗೋದು ಏನು ಗೊತ್ತಾ, ಯಾವ ತಲೆಮಾರೂ ಹಿಂದಿನದನ್ನು ಕೆಡವಲಿಲ್ಲ. ಸೇರಿಸಿದರು. ಕೆಡವಿ ಕಟ್ಟೋಕೆ ದುಡ್ಡು ಇರಲಿಲ್ಲ ಅಂತಲ್ಲ. ಕಟ್ಟುವಾಗಲೂ ಅಲ್ಲೇ ಇರಬೇಕು, ಹಾಲು ಕರೆಯಬೇಕು, ಬೆಣ್ಣೆ ತೆಗೆಯಬೇಕು, ಕೆಲಸ ನಿಲ್ಲುವ ಹಾಗಿಲ್ಲ. ಹಳೇ ಮನೆಯಲ್ಲಿದ್ದುಕೊಂಡೇ ಪಕ್ಕಕ್ಕೆ ಕಟ್ಟಿಕೊಂಡು, ಆಮೇಲೆ ಗೋಡೆ ಒಡೆದು ಬಾಗಿಲು ಮಾಡಿಕೊಳ್ಳೋದು. ಇದು ನನ್ನ ಊಹೆ, ದಾಖಲೆ ಅಲ್ಲ. ಆದರೆ ಮನೆಯಲ್ಲಿದ್ದುಕೊಂಡೇ ಮನೆ ರಿಪೇರಿ ಮಾಡಿಸಿದವರು ಯಾರಾದರೂ ಒಪ್ಪುತ್ತಾರೆ.

ಒಳಗೆ ಒಲೆಯ ಪಕ್ಕದಲ್ಲೇ ಒಂದು ಕಪಾಟು. ಅಮ್ಮ ಅದನ್ನು ಬಟ್ಟೆ ಬೀರು ಅಂದುಕೊಂಡಳು. ಅದು ಮಂಚ. ಮೂರು ಕಡೆ ಮರದ ಗೋಡೆ, ಬೆಂಕಿಯ ಬಿಸಿ ಪಕ್ಕದಲ್ಲೇ, ಮಲಗಿ ಮುಚ್ಚಿಕೊಂಡರೆ ಆಯ್ತು. ಮೇಲೆ ಮಹಡಿ ಬಂದಮೇಲೂ ಈ ಬೆಚ್ಚಗಿನ ಜಾಗ ಬಿಡೋಕೆ ಮನಸ್ಸು ಬರಲಿಲ್ಲ ಅಂತ ಕಾಣುತ್ತೆ. ಗೋವರ್ ಕಡೆ ಹಂದಿಮಾಂಸ ತೂಗುಹಾಕಲು ಮಾಡಿನಲ್ಲಿ ಎತ್ತರಿಸಿ ಬಿಟ್ಟ ಜಾಗಕ್ಕೆ 'ಚಾರ್ನಲ್' ಅಂತ ಬೇರೆ ಹೆಸರೇ ಇತ್ತು. ನಮ್ಮ ಕಡೆ ಒಲೆಯ ಮೇಲೆ ಅಟ್ಟದಲ್ಲಿ ಹಾಕಿಡೋ ಹಾಗೆ.

ಇನ್ನು ಕೆಂಪು ಬಣ್ಣ. ದುಷ್ಟಶಕ್ತಿಗಳು ಮನೆ ಹೊಗಬಾರದು ಅಂತ ಬಳಿದದ್ದು ಅನ್ನುತ್ತಾರೆ. ಬಾಗಿಲ ಚೌಕಟ್ಟಿನಲ್ಲಿ ಕೆತ್ತಿದ ಆಕೃತಿಗಳಿವೆ, ಅದೂ ಇದಕ್ಕೇ. ಅಂಗಳದಲ್ಲಿ ಕೆಂಪು ಹಣ್ಣು ಬಿಡುವ ರೋವನ್ ಮರ, ಅದೂ ಇದಕ್ಕೇ. ಮೂರು ಮೂರು ಕಾವಲು. ಅಮ್ಮನಿಗೆ ಇದನ್ನು ಹೇಳಿದಾಗ ಆಶ್ಚರ್ಯವೇ ಆಗಲಿಲ್ಲ. "ನಾವು ಕುಂಬಳಕಾಯಿ ಕಟ್ಟಲ್ವಾ" ಅಂದಳು ಅಷ್ಟೇ. ಮನೆ ಬಗ್ಗೆ ನಾನು ಓದಿ ತಿಳಿದದ್ದೆಲ್ಲ ಅವಳಿಗೆ ಮೊದಲೇ ಗೊತ್ತಿದೆಯೇನೋ ಅನ್ನಿಸಿತು.

18, 19ನೇ ಶತಮಾನದ್ದನ್ನು ಬೇಗ ಮುಗಿಸುತ್ತೇನೆ, ಅದು ನಿಮಗೆ ಊಹಿಸಬಹುದಾದದ್ದೇ. 1696ರಲ್ಲಿ ಕಿಟಕಿಗೆ ತೆರಿಗೆ ಬಂತು, 1851ರವರೆಗೂ ಇತ್ತು. ಜನ ಕಿಟಕಿ ಮುಚ್ಚಿದರು. ಆದರೆ ಹಾಲು, ಚೀಸ್ ಇಡುವ ಕೋಣೆಗೆ ವಿನಾಯಿತಿ ಇತ್ತು, ಅದಕ್ಕೆ ಬಾಗಿಲ ಮೇಲೆ 'ಡೈರಿ' ಅಂತ ಬರೆಸಬೇಕಿತ್ತು. ಕೆಲವು ಹಳೇ ಮನೆಗಳಲ್ಲಿ ಆ ಅಕ್ಷರ ಇವತ್ತಿಗೂ ಕಾಣುತ್ತದೆ. ಎಷ್ಟು ಮಲಗುವ ಕೋಣೆಗಳು ರಾತ್ರೋರಾತ್ರಿ ಡೈರಿ ಆದವೋ ದೇವರಿಗೇ ಗೊತ್ತು. ಆಮೇಲೆ ಉತ್ತರ ವೇಲ್ಸ್‌ನ ಕ್ವಾರಿಗಳಿಂದ ಸ್ಲೇಟ್ ಕಲ್ಲು, ರೈಲು ಬಂದಮೇಲಂತೂ ಎಲ್ಲ ಕಡೆ ಸ್ಲೇಟ್. ಹುಲ್ಲಿನ ಮಾಡು ಹೋಯಿತು. ಹುಲ್ಲಿಗೆ ಮಾಡು ಕಡಿದಾಗಿರಬೇಕು, ಸ್ಲೇಟಿಗೆ ಅಷ್ಟು ಬೇಡ. ಹಾಗಾಗಿ ಬೇಕಾದ್ದಕ್ಕಿಂತ ಕಡಿದಾದ ಸ್ಲೇಟ್ ಮಾಡು ಕಂಡರೆ, ಹಿಂದೆ ಅಲ್ಲಿ ಹುಲ್ಲು ಇದ್ದಿರಬಹುದು ಅಂತ ಅನುಮಾನ ಪಡಬೇಕು.

ಇಲ್ಲಿಗೆ ನನ್ನ ತಕರಾರಿಗೆ ಬಂದೆ.

ಮುನ್ನೂರು ವರ್ಷ ಬದಲಾಗುತ್ತಲೇ ಇದ್ದ ಮನೆಯನ್ನು ತಂದು ನಿಲ್ಲಿಸಿದಾಗ ಒಂದು ವರ್ಷ ಆರಿಸಲೇಬೇಕು. ಕೆನಿಕ್ಸ್‌ಟನ್‌ಗೆ 1790. ಕಿಲೆವೆಂಟ್‌ಗೆ 18ನೇ ಶತಮಾನದ ನಡುವಿನ ರೂಪ. ಆರಿಸಿದ ಮೇಲೆ ಅದರ ನಂತರದ್ದೆಲ್ಲ ಹೋಗಬೇಕು. ಯಾರೋ ರೈತನ ಹೆಂಡತಿ 1880ರಲ್ಲಿ ಹಠ ಹಿಡಿದು ಹಾಕಿಸಿಕೊಂಡ ಕಬ್ಬಿಣದ ಒಲೆ, 1930ರ ಕರೆಂಟ್ ವೈರು, ಇಂಥದ್ದೆಲ್ಲ. ಅವಳ ಹಠಕ್ಕೆ ಬೆಲೆ ಇಲ್ವಾ?

ಈ ಜಗಳ ಹಳೇದು. 1877ರಲ್ಲಿ ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಒಂದು ಸಂಘವನ್ನೇ ಕಟ್ಟಿದರು, ಹಳೇ ಕಟ್ಟಡಗಳನ್ನು 'ಮೂಲ ರೂಪಕ್ಕೆ ತರುತ್ತೇವೆ' ಅಂತ ಕೆರೆದು ಹಾಳು ಮಾಡುವವರ ವಿರುದ್ಧ. ಹಳೇ ಕಟ್ಟಡಗಳನ್ನು ಕಾಪಾಡೋದು ಹೇಗೆ ಅಂತ ತಜ್ಞರು ಮಾಡಿಕೊಂಡ 1964ರ ವೆನಿಸ್ ಒಡಂಬಡಿಕೆ ಕೂಡ ಎಲ್ಲ ಕಾಲದವರು ಸೇರಿಸಿದ್ದನ್ನೂ ಗೌರವಿಸಿ ಅಂತಲೇ ಹೇಳುತ್ತದೆ. ಆದರೂ 1988ರಲ್ಲಿ ಉತ್ತರ ವೇಲ್ಸ್‌ನ ಪೆನ್‌ಮಾಖ್ನೋ ಹತ್ತಿರದ ಟೀ ಮೌರ್ ಮನೆಯನ್ನು ಹಿಂದಕ್ಕೆ, 16-17ನೇ ಶತಮಾನದ ರೂಪಕ್ಕೆ ತಂದರು. ಬೈಬಲ್ಲನ್ನು ವೇಲ್ಸ್ ಭಾಷೆಗೆ ಅನುವಾದಿಸಿದ ಬಿಷಪ್ ವಿಲಿಯಂ ಮಾರ್ಗನ್ ಹುಟ್ಟಿದ ಜಾಗ ಅದು. ಅನುವಾದ ಬಂದದ್ದು 1588ರಲ್ಲಿ, ನಾನೂರು ವರ್ಷದ ನೆನಪಿಗೆ ಈ ಕೆಲಸ. ಯಾಕೆ ಮಾಡಿದರು ಅಂತ ನನಗೆ ಅರ್ಥವಾಗುತ್ತದೆ. ಒಂದು ಭಾಷೆ ಉಳಿಯಲು ಕಾರಣನಾದ ಮನುಷ್ಯನ ಮನೆಗೆ ಹೋದವರಿಗೆ ಅವನ ಕಾಲ ಕಾಣಬೇಕು ಅಂತ ಅನ್ನಿಸೋದು ತಪ್ಪಲ್ಲ. ಆದರೆ ಆಮೇಲೆ ಆ ಮನೆಯಲ್ಲಿ ಬಾಳಿದವರೂ ಅದೇ ಭಾಷೆ ಆಡಿದವರೇ, ಅಲ್ವಾ? ಅವರು ಆಡುತ್ತಾ ಬಂದದ್ದಕ್ಕೇ ಅದು ಉಳಿದದ್ದು.

ಸೇಂಟ್ ಫ್ಯಾಗನ್ಸ್‌ನವರೇ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿದ್ದಾರೆ, ಆದರೆ ರೈತರ ಮನೆಯಲ್ಲಲ್ಲ. ಮರ್ಥರ್ ಟಿಡ್‌ವಿಲ್‌ನಿಂದ ತಂದ ಕಾರ್ಮಿಕರ ಮನೆಗಳ ಸಾಲು ಇದೆ, ರೀಡ್-ಅ-ಕಾರ್ ಅಂತ. ಒಂದೇ ಅಳತೆಯ ಆರು ಪುಟ್ಟ ಮನೆ. ಮೊದಲನೆಯದು 1805ರ ಹಾಗೆ, ಮುಂದಿನದು 1855, ಆಮೇಲೆ 1895, 1925, 1955, ಕೊನೆಯದು 1985. ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದರೆ ಅದೇ ನಾಲ್ಕು ಗೋಡೆಯೊಳಗೆ ನೂರೆಂಬತ್ತು ವರ್ಷ ಬದಲಾಗುತ್ತದೆ. ಅಮ್ಮ 1955ರ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಳು. ಸೇಂಟ್ ಫ್ಯಾಗನ್ಸ್‌ಗೆ ಹೋದರೆ ಇದನ್ನು ಬಿಡಬೇಡಿ. ಒಂದು ರೈತರ ಮನೆಗೂ ಹೀಗೆ ಮಾಡಬಾರದಾ ಅಂತ ನನ್ನ ಆಸೆ. ಒಂದು ಕೋಣೆ 1610, ಪಕ್ಕದ್ದು 1750, ಹಿಂದುಗಡೆ ಕರೆಂಟು, ರೇಡಿಯೋ. ಆ ಮನೆಯವರು ಹಾಗೇ ತಾನೇ ಬದುಕಿದ್ದು, ಅಜ್ಜನ ಕಪಾಟು ಮಂಚದ ಪಕ್ಕದಲ್ಲೇ.

ಮಾತು ಮುಗಿದಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಬರೆಯುತ್ತೇನೆ.

ಒಬ್ಬರು ಕೇಳಿದರು, ಈಗಲೂ ಜನ ಇರುವ ಇಂಥ ಹಳೇ ಮನೆಯನ್ನು ಕೊಂಡರೆ ಬೇಕಾದ ಹಾಗೆ ಬದಲಾಯಿಸಬಹುದಾ? ಸುಲಭವಿಲ್ಲ. ವೇಲ್ಸ್‌ನಲ್ಲಿ ಸುಮಾರು 30,000 ಕಟ್ಟಡಗಳು ರಕ್ಷಣೆಯ ಪಟ್ಟಿಯಲ್ಲಿವೆ. ಪಟ್ಟಿ ಮಾಡುವ ಸಂಸ್ಥೆಯ ಹೆಸರು 'ಕಾಡು', ನಮ್ಮ ಕಾಡಲ್ಲ, ವೇಲ್ಸ್ ಭಾಷೆಯಲ್ಲಿ ಉಳಿಸು, ಕಾಪಾಡು ಅಂತ ಅರ್ಥ. ಪಟ್ಟಿಯಲ್ಲಿದ್ದರೆ ಅದರ ಗುಣಲಕ್ಷಣ ಬದಲಾಗುವಂಥ ಕೆಲಸಕ್ಕೆ, ಒಳಗಾದರೂ ಸರಿ ಹೊರಗಾದರೂ ಸರಿ, ಒಪ್ಪಿಗೆ ಬೇಕು. ಮುನ್ನೂರು ವರ್ಷ ಯಾರನ್ನೂ ಕೇಳದೆ ಬದಲಾಯಿಸಿಕೊಂಡೇ ಬಂದದ್ದರಿಂದ ಆ ಮನೆ ಈಗ ಬದಲಾಯಿಸಬಾರದಷ್ಟು ಅಮೂಲ್ಯವಾಗಿದೆ. ನಗಬೇಡಿ, ನಾನು ಆ ಅರ್ಜಿಗಳಿಗೆ ಲೆಕ್ಕ ಬರೆದುಕೊಟ್ಟಿದ್ದೇನೆ.

ಇನ್ನೊಬ್ಬರು, ದನದ ಜೊತೆ ಒಂದೇ ಸೂರಿನ ಕೆಳಗೆ ಇದ್ದರೆ ವಾಸನೆ ಬರುತ್ತಿರಲಿಲ್ವಾ ಅಂದರು. ಬರುತ್ತಿತ್ತು, ಇರಲಿ, ಬಿಸಿಯೂ ಬರುತ್ತಿತ್ತಲ್ಲ. ಆದರೆ ಉದ್ದ ಮನೆಗಳನ್ನು ಸುಮ್ನೆ ಎಲ್ಲೆಂದರಲ್ಲಿ ಕಟ್ಟುತ್ತಿರಲಿಲ್ಲ. ಇಳಿಜಾರಿನ ಉದ್ದಕ್ಕೆ ಕಟ್ಟಿ ಜನ ಮೇಲ್ಗಡೆ, ದನ ಕೆಳಗಡೆ. ಕಿಲೆವೆಂಟ್‌ಗೆ ಹೋದಾಗ ಅಮ್ಮ ಆ ಒಂದೇ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದವಳು ಒಲೆ ಇರುವ ಕಡೆ ತಿರುಗಲೇ ಇಲ್ಲ, ಸೀದಾ ಕೊಟ್ಟಿಗೆ ಕಡೆ ಹೋದಳು. ನೆಲ ನೋಡಿದಳು. "ಗಂಜಲ ಎಲ್ಲಿಗೆ ಹೋಗ್ತಿತ್ತು ಅಂತ ಕೇಳೋ ಅವನನ್ನ" ಅಂದಳು. ಕೇಳಿದೆ. ಆತ ಬೂಟಿನ ತುದಿಯಿಂದ ತಗ್ಗಿನ ಕಡೆಯ ಗೋಡೆ ತೋರಿಸಿದ. "ಹಾಗಾದ್ರೆ ಸರಿ" ಅಂದು ಆಮೇಲೆ ಒಲೆ ನೋಡಲು ಬಂದಳು.